ಹೆಪ್ಪುಗಟ್ಟಬಾರದು, ಸೋರಲೂಬಾರದು

ರಾತ್ರಿ ಎರಡೂವರೆ. ಐಸಿಯು ಹೊರಗಿನ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ನನ್ನನ್ನು ಸಿಸ್ಟರ್ ಒಳಗೆ ಕರೆದರು. ಅಪ್ಪನಿಗೆ ಬೈಪಾಸ್ ಆಗಿ ಅದು ಮೂರನೇ ದಿನ. ಹೃದಯ ಪರವಾಗಿರಲಿಲ್ಲ, ಆದರೆ ಕಿಡ್ನಿ ಕೈಕೊಟ್ಟಿತ್ತು. ಸಂಜೆಯಷ್ಟೇ ಹಚ್ಚಿದ್ದ ಡಯಾಲಿಸಿಸ್ ಯಂತ್ರ ಆಗಲೇ ನಿಂತಿತ್ತು.

"ಫಿಲ್ಟರ್ ಕ್ಲಾಟ್ ಆಗಿದೆ, ಬದಲಾಯಿಸಬೇಕು" ಅಂದರು ಡ್ಯೂಟಿ ಡಾಕ್ಟರ್. ಒಳಗಿದ್ದ ರಕ್ತ? "ಹೆಪ್ಪುಗಟ್ಟಿದ್ದನ್ನ ವಾಪಸ್ ಕೊಡೋಕಾಗಲ್ಲ." ಅಂದರೆ ಸುಮಾರು 150ರಿಂದ 200 ಮಿಲಿಲೀಟರ್ ರಕ್ತ ಹೋದಂತೆ.

ನನಗೆ ಸಿಟ್ಟು ಬಂತು. "ರಕ್ತ ತೆಳು ಮಾಡೋ ಔಷಧಿ ಕೊಟ್ಟಿರ್ಲಿಲ್ವಾ ಸರ್?" ಅಂತ ಸ್ವಲ್ಪ ಜೋರಾಗಿಯೇ ಕೇಳಿದೆ. ಅವರು ಮಾತಾಡದೆ ಮಂಚದ ಕೆಳಗೆ ಕೈ ತೋರಿಸಿದರು. ಅಪ್ಪನ ಎದೆಯಿಂದ ಬಂದ ಕೊಳವೆಗೆ ಒಂದು ಡಬ್ಬ ಜೋಡಿಸಿದ್ದರು. ಅದರಲ್ಲಿ ಕೆಂಪು ದ್ರವ ಇನ್ನೂ ಇಳಿಯುತ್ತಲೇ ಇತ್ತು. "ಹೆಪಾರಿನ್ ಕೊಟ್ರೆ ಫಿಲ್ಟರ್ ಉಳಿಯುತ್ತೆ, ಇದು ಜಾಸ್ತಿ ಆಗುತ್ತೆ. ಆಪರೇಷನ್ ಆದ ಎದೆ." ಅತ್ತ ದರಿ, ಇತ್ತ ಪುಲಿ ಅಂದರೆ ಏನು ಅಂತ ಆ ರಾತ್ರಿ ಅರ್ಥವಾಯಿತು.

ನಮಗೆಲ್ಲ ಗೊತ್ತಿರೋ ಡಯಾಲಿಸಿಸ್ ನಾಲ್ಕು ಗಂಟೆಯದ್ದು. ಬಿಪಿ ನಿಲ್ಲಿಸೋಕೇ ಔಷಧಿ ಬೇಕಾಗಿರೋ ರೋಗಿಯ ಮೈಯಿಂದ ನಾಲ್ಕೇ ಗಂಟೆಯಲ್ಲಿ ನೀರು ಎಳೆದರೆ ಬಿಪಿ ಕುಸಿಯುತ್ತೆ. ಅದಕ್ಕೇ ದಿನದ 24 ಗಂಟೆಯೂ ನಿಧಾನಕ್ಕೆ ಶೋಧಿಸೋ ಸಿಆರ್‌ಆರ್‌ಟಿ. ಒಂದು ಫಿಲ್ಟರ್ 72 ಗಂಟೆವರೆಗೂ ಓಡಬಹುದು, ನಡುವೆ ಹೆಪ್ಪುಗಟ್ಟದಿದ್ದರೆ. ರಕ್ತ ಮೈಯಿಂದ ಹೊರಬಂದು ಪ್ಲಾಸ್ಟಿಕ್ ಮುಟ್ಟಿದ ಕೂಡಲೇ ಹೆಪ್ಪುಗಟ್ಟಲು ನೋಡುತ್ತೆ. ಕೊಳವೆ ಮಡಚಿ ಪಂಪ್ ನಿಂತರೆ, ಅಲಾರ್ಮ್‌ಗೆ ಓಗೊಡೋದು ತಡವಾದರೆ, ಇನ್ನೂ ಬೇಗ.

ಮೊದಲ ಫಿಲ್ಟರನ್ನು ಯಾವ ಔಷಧಿಯೂ ಇಲ್ಲದೆ ಓಡಿಸಿದ್ದರು. ರಕ್ತಸ್ರಾವದ ಭಯ ಇದ್ದಾಗ ಹಾಗೂ ಮಾಡುತ್ತಾರಂತೆ. ಎರಡನೆಯದಕ್ಕೆ ಕಿಡ್ನಿ ಡಾಕ್ಟರ್ ಸಿಟ್ರೇಟ್ ಅಂದರು. ನಿಂಬೆಹುಳಿಯಲ್ಲಿರೋ ಸಿಟ್ರಿಕ್ ಆಮ್ಲದ ಲವಣ ಅದು. ಅಮ್ಮನಿಗೆ ಹೇಳಿದಾಗ ಗಾಬರಿ: "ನಿಂಬೆಹುಳಿ ಹಿಂಡಿದ್ರೆ ಹಾಲೇ ಒಡೆಯುತ್ತಲ್ಲೋ, ರಕ್ತ ಉಳಿಯುತ್ತಾ?"

ರಕ್ತದಲ್ಲಿ ನಡೆಯೋ ಕೆಲಸ ಬೇರೆ. ಹೆಪ್ಪುಗಟ್ಟೋಕೆ ಕ್ಯಾಲ್ಸಿಯಂ ಬೇಕೇ ಬೇಕು. ರಕ್ತ ಮೈಯಿಂದ ಹೊರಬಂದ ಜಾಗದಲ್ಲೇ ಸಿಟ್ರೇಟ್ ಸೇರಿಸಿದರೆ ಅದು ಕ್ಯಾಲ್ಸಿಯಂ ಅನ್ನು ಹಿಡಿದು ಕೂರುತ್ತೆ. ಫಿಲ್ಟರ್ ಒಳಗೆ ರಕ್ತ ಹೆಪ್ಪುಗಟ್ಟಲ್ಲ. ಸಿಟ್ರೇಟಿನ ಒಂದು ಪಾಲು ಫಿಲ್ಟರಿನಲ್ಲೇ ಹೊರಹೋಗುತ್ತೆ. ಮೈಗೆ ಬಂದದ್ದನ್ನು ಮುಖ್ಯವಾಗಿ ಲಿವರ್ ಕರಗಿಸಿ ಬೈಕಾರ್ಬೊನೇಟ್ ಮಾಡುತ್ತೆ. ಕಳೆದ ಕ್ಯಾಲ್ಸಿಯಂ ಅನ್ನು ಬೇರೆ ಲೈನಿನಲ್ಲಿ ವಾಪಸ್ ಕೊಡುತ್ತಾರೆ. ನಮ್ಮ ಭಾಷೇಲಿ ಹೇಳೋದಾದರೆ ಗ್ಲೋಬಲ್ ಸೆಟ್ಟಿಂಗ್ ಮುಟ್ಟದೆ ಲೋಕಲ್ ಆಗಿ ಬದಲಾಯಿಸಿದ ಹಾಗೆ: ಯಂತ್ರದಲ್ಲಿ ಹೆಪ್ಪುಗಟ್ಟದ ರಕ್ತ, ಅಪ್ಪನ ಎದೆಯಲ್ಲಿ ಎಂದಿನ ಹಾಗೆ ಹೆಪ್ಪುಗಟ್ಟುತ್ತೆ. ನೀವು ರಕ್ತದಾನ ಮಾಡಿದಾಗ ಚೀಲದಲ್ಲಿ ಇರೋದೂ ಸಿಟ್ರೇಟೇ. ಪ್ಲೇಟ್‌ಲೆಟ್ ಕೊಡುವಾಗ ತುಟಿ ಜುಮ್ ಅಂದರೆ ಅದು ನಿಮ್ಮ ಕ್ಯಾಲ್ಸಿಯಂ ಸ್ವಲ್ಪ ಇಳಿದಿರೋ ಸೂಚನೆ.

2012ರ ಕೆಡಿಗೊ ಮಾರ್ಗಸೂಚಿಯೂ ಸಿಆರ್‌ಆರ್‌ಟಿಗೆ, ಅಡ್ಡಿ ಇಲ್ಲದ ರೋಗಿಗಳಲ್ಲಿ, ಹೆಪಾರಿನ್‌ಗಿಂತ ಸಿಟ್ರೇಟನ್ನೇ ಸೂಚಿಸುತ್ತೆ. ಹಾಗಂತ ಅದು ಎಲ್ಲರಿಗೂ ಸಲ್ಲುತ್ತೆ ಅಂತಲ್ಲ. ಲಿವರ್ ಸೋತಿದ್ದರೆ, ತೀವ್ರ ಶಾಕ್ ಇದ್ದರೆ ಸಿಟ್ರೇಟ್ ಕರಗದೆ ಮೈಯಲ್ಲೇ ಉಳಿಯುತ್ತೆ. ಒಟ್ಟು ಕ್ಯಾಲ್ಸಿಯಂ, ಅಯಾನೀಕೃತ ಕ್ಯಾಲ್ಸಿಯಂನ ಎರಡೂವರೆ ಪಟ್ಟು ದಾಟಿದರೆ ಅದು ಎಚ್ಚರಿಕೆ ಗಂಟೆ. ಅದಕ್ಕೇ ಕೆಲವು ಗಂಟೆಗೊಮ್ಮೆ ಎರಡು ಕಡೆಯಿಂದ ರಕ್ತ ತೆಗೆದು ನೋಡುತ್ತಾರೆ: ಫಿಲ್ಟರ್ ದಾಟಿದ ಮೇಲೆ ಒಂದು, ರೋಗಿಯ ಮೈಯಿಂದ ಒಂದು. "ಎಷ್ಟು ಸಲ ಚುಚ್ತೀರಿ?" ಅಂತ ಗೊಣಗಿದ್ದ ನಾನು ಆಮೇಲೆ ಆ ಎರಡು ಅಂಕಿಗಳನ್ನೇ ಕಾಯತೊಡಗಿದೆ.

ಎರಡನೇ ಫಿಲ್ಟರ್ ಹೆಚ್ಚುಕಡಿಮೆ ಮೂರು ದಿನ ಓಡಿತು. ಎದೆಯ ಡಬ್ಬಕ್ಕೆ ಇಳಿಯೋದು ಕಡಿಮೆಯಾಯಿತು. ಒಂದು ಬೆಳಗ್ಗೆ ಸಿಸ್ಟರ್ ಮೂತ್ರದ ಚೀಲ ಎತ್ತಿ ತೋರಿಸಿದರು, ತಳದಲ್ಲಿ ಒಂದಿಷ್ಟು ಹಳದಿ. ಜೀವನದಲ್ಲಿ ಅಂಥದ್ದನ್ನು ನೋಡಿ ಅತ್ತಿದ್ದು ಅದೇ ಮೊದಲು.

ಇಂಥ ಬಾಗಿಲ ಮುಂದೆ ನೀವು ಕೂರೋ ದಿನ ಬಾರದಿರಲಿ. ಬಂದರೆ ನನ್ನ ಹಾಗೆ ಜೋರು ಮಾಡಬೇಡಿ, ಕೇಳಿ: ಹೆಪ್ಪುಗಟ್ಟದಂತೆ ಏನು ಕೊಡ್ತಿದ್ದೀರಿ? ಅದನ್ನೇ ಯಾಕೆ? ಲಿವರ್ ಹೇಗಿದೆ? ಉತ್ತರ ಪೂರ್ತಿ ಅರ್ಥವಾಗದೇ ಇರಬಹುದು. ಆದರೆ ಒಳಗೆ ಯಾರೋ ಎರಡು ಅಪಾಯಗಳ ನಡುವೆ ಗಂಟೆಗಂಟೆಗೂ ತೂಗಿ ನೋಡ್ತಿದ್ದಾರೆ ಅನ್ನೋದು ಗೊತ್ತಾಗುತ್ತೆ. ಹೊರಗಿನ ಕುರ್ಚಿಯಲ್ಲಿ ಕೂರೋಕೆ ಅಷ್ಟು ಸಾಕು.