ಯಂತ್ರಕ್ಕೆ ಒಪ್ಪಿಸಿದ ದಯೆ

ಹಿಂಸೆಯು ಮನೆಯೊಳಗೆ ಬರುವಾಗ ತನ್ನ ನಿಜರೂಪದಲ್ಲಿ ಬರುವುದು ವಿರಳ. ಅದು ಸೌಂದರ್ಯದ ವೇಷದಲ್ಲಿ ಬರುತ್ತದೆ, ವಿಜ್ಞಾನದ ವೇಷದಲ್ಲಿ ಬರುತ್ತದೆ, ಕೆಲವೊಮ್ಮೆ ದಯೆಯ ವೇಷದಲ್ಲಿಯೇ ಬರುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಅನುಕೂಲವಂತರ ಹಜಾರಗಳಲ್ಲಿ ಮೀನಿನ ಗಾಜಿನ ಪೆಟ್ಟಿಗೆ ಹೊಸದೇನಲ್ಲ. ವಾಸ್ತುವಿನ ಹೆಸರಿನಲ್ಲಿ, ಮಕ್ಕಳ ಹಟದ ಹೆಸರಿನಲ್ಲಿ ಅದು ಎಂದೋ ನೆಲೆಯೂರಿದೆ. ಈಗ ಮಹಾನಗರಗಳಲ್ಲಿ ಅದರ ಮುಂದಿನ ಮೆಟ್ಟಿಲಾಗಿ ಬೆಳೆದಿರುವುದು ಹವಳದ ಅಕ್ವೇರಿಯಂ. ಉಪ್ಪುನೀರು, ಜೀವಂತ ಹವಳ, ಸಮುದ್ರದ ಬಣ್ಣದ ಮೀನು ಇವೆಲ್ಲವನ್ನೂ ಗಾಜಿನೊಳಗೆ ಕೂಡಿಹಾಕಿದ ಒಂದು ಕಿರುಸಾಗರವದು. ಅದರ ಜೊತೆಗೆ ಮಾರಾಟಕ್ಕೆ ಬಂದಿದೆ, ಆ ಸಾಗರವನ್ನು ತಾನೇ ಕಾಯುವೆನೆಂದು ಹೇಳುವ ಸ್ವಯಂಚಾಲಿತ ನಿಯಂತ್ರಕ ಯಂತ್ರ. ಇದನ್ನು ಕೊಳ್ಳಬೇಕೇ ಬೇಡವೇ ಎಂಬುದು ಮೇಲ್ನೋಟಕ್ಕೆ ಹಣದ ಲೆಕ್ಕ. ಆದರೆ ಜೈನಕುಟುಂಬದ ಮಟ್ಟಿಗೆ ಅದು ವ್ರತದ ಲೆಕ್ಕವೂ ಹೌದು.

ಯಂತ್ರದ ಕೆಲಸವೇನೆಂಬುದನ್ನು ಮೊದಲು ನ್ಯಾಯವಾಗಿ ತಿಳಿಯಬೇಕು. ಹವಳದ ತೊಟ್ಟಿಯ ನೀರು 25-26 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಆಸುಪಾಸಿನಲ್ಲಿ ಸ್ಥಿರವಾಗಿರಬೇಕು. ಲೀಟರಿಗೆ ಸುಮಾರು 35 ಗ್ರಾಂ ಲವಣ, 8.0ರಿಂದ 8.4ರೊಳಗಿನ ಕ್ಷಾರಮಾನ, ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ ಇರಬೇಕು. ಇವುಗಳಲ್ಲಿ ಒಂದು ಥಟ್ಟನೆ ಏರುಪೇರಾದರೂ ಹವಳ ಬಿಳಿಚಿ ಸಾಯುತ್ತದೆ. ನೀರಿನಲ್ಲಿ ಇಳಿಬಿಟ್ಟ ಸಂವೇದಕಗಳಿಂದ ಯಂತ್ರವು ಇವುಗಳಲ್ಲಿ ಉಷ್ಣತೆ, ಲವಣ, ಕ್ಷಾರಮಾನಗಳನ್ನು ಹಗಲಿರುಳೂ ಅಳೆಯುತ್ತದೆ. ಹೀಟರನ್ನೂ ಚಿಲ್ಲರನ್ನೂ ನಡೆಸುತ್ತದೆ. ಆವಿಯಾದಷ್ಟು ನೀರನ್ನು ತುಂಬುತ್ತದೆ. ಖನಿಜದ್ರಾವಣವನ್ನು ಹನಿಹನಿಯಾಗಿ ಬಿಡುತ್ತದೆ. ದೀಪವನ್ನು ಹೊತ್ತಿಸಿ ಆರಿಸುತ್ತದೆ. ಯಜಮಾನನು ಪರವೂರಿನಲ್ಲಿದ್ದರೆ ಅವನ ಮೊಬೈಲಿಗೆ ಎಚ್ಚರಿಕೆಯನ್ನು ಕಳುಹಿಸುತ್ತದೆ.

ಇದರ ಪಕ್ಷಪಾತಿಗಳ ವಾದವು ಸುಲಭವಾಗಿ ತಳ್ಳಿಹಾಕುವಂಥದಲ್ಲ. ಮನುಷ್ಯನು ಮರೆಯುತ್ತಾನೆ, ಯಂತ್ರ ಮರೆಯುವುದಿಲ್ಲ. ಮನುಷ್ಯನು ನಿದ್ರಿಸುತ್ತಾನೆ, ಯಂತ್ರ ನಿದ್ರಿಸುವುದಿಲ್ಲ. ಜೀವಗಳ ಸಾವು ಇದರಿಂದ ಕಡಿಮೆಯಾಗುವುದಾದರೆ, ಹಣ ವೆಚ್ಚಮಾಡಿ ಇದನ್ನು ಕೊಳ್ಳುವುದೇ ಅಹಿಂಸೆಯಲ್ಲವೇ, ಕೊಳ್ಳದಿರುವುದೇ ಪ್ರಮಾದವಲ್ಲವೇ ಎಂದು ಅವರು ಕೇಳುತ್ತಾರೆ. ಪ್ರಮಾದವೇ ಹಿಂಸೆಯ ಮೂಲವೆಂದು ಸಾರಿದ ಧರ್ಮದವರನ್ನು ಈ ಪ್ರಶ್ನೆ ಕ್ಷಣಕಾಲ ನಿರುತ್ತರರನ್ನಾಗಿ ಮಾಡಬಹುದು.

ಆದರೆ ಈ ವಾದವು ಎರಡನೆಯ ಪ್ರಶ್ನೆಯಿಂದ ಪ್ರಾರಂಭವಾಗಿದೆ. ಮೊದಲನೆಯ ಪ್ರಶ್ನೆ, ಆ ಜೀವಗಳನ್ನು ಗಾಜಿನೊಳಗೆ ತಂದವರು ಯಾರು, ಏತಕ್ಕಾಗಿ ಎಂಬುದು. ಶ್ರಾವಕಾಚಾರವು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದೆ. ಅಡುಗೆ, ಗೃಹಕೃತ್ಯಗಳಲ್ಲಿ ತಪ್ಪದೆ ಆಗುವುದು ಆರಂಭೀ; ಕೃಷಿ, ವಾಣಿಜ್ಯಗಳಲ್ಲಿ ಆಗುವುದು ಉದ್ಯೋಗೀ; ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ; ಬೇಕೆಂದೇ ಮಾಡುವುದು ಸಂಕಲ್ಪೀ. ಗೃಹಸ್ಥನು ಮೊದಲ ಮೂರನ್ನು ಪೂರ್ತಿಯಾಗಿ ತಪ್ಪಿಸಲಾರನೆಂದು ಆಚಾರ್ಯರು ಕರುಣೆಯಿಂದ ಒಪ್ಪಿದರು. ಹವಳದ ತೊಟ್ಟಿಯು ಈ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ? ಅದರಿಂದ ಒಲೆ ಉರಿಯದು, ಹೊಲ ಬೆಳೆಯದು, ಶತ್ರು ದೂರವಾಗನು. ನೋಡಿ ನಲಿಯುವುದರ ಹೊರತು ಅದಕ್ಕೆ ಬೇರೊಂದು ಪ್ರಯೋಜನವಿಲ್ಲ. ಪ್ರಯೋಜನವಿಲ್ಲದ ಪಾಪಕ್ಕೆ ಅನರ್ಥದಂಡವೆಂಬ ಹೆಸರಿದೆ. ಅದನ್ನು ತ್ಯಜಿಸುವುದು ಗುಣವ್ರತ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲು ಎಣಿಸುವುದೇ ಬಂಧನವನ್ನು. ಹಗ್ಗದಿಂದ ಕಟ್ಟಿದರೆ ಮಾತ್ರ ಬಂಧನ, ಗಾಜಿನಿಂದ ಕಟ್ಟಿದರೆ ಅಲಂಕಾರ ಎಂದು ಯಾವ ಶಾಸ್ತ್ರವೂ ಹೇಳಿಲ್ಲ.

ಈ ಜೀವಗಳು ಎಲ್ಲಿಂದ ಬರುತ್ತವೆ ಎಂಬುದನ್ನು ಕೊಳ್ಳುವವನು ವಿಚಾರಿಸುವುದು ಅಪರೂಪ. ಸಿಹಿನೀರಿನ ಅಲಂಕಾರದ ಮೀನುಗಳಲ್ಲಿ ಬಹುಪಾಲು ಸಾಕಿ ಬೆಳೆಸಿದವು. ಸಮುದ್ರದ ಬಣ್ಣದ ಮೀನುಗಳಲ್ಲಾದರೋ ಬಹುಪಾಲು ಹವಳದ ದಿಬ್ಬಗಳಿಂದ ಹಿಡಿದು ತಂದವು. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳ ದಿಬ್ಬಗಳಲ್ಲಿ ಮೀನನ್ನು ಮೂರ್ಛೆಗೊಳಿಸಿ ಹಿಡಿಯಲು ಸಯನೈಡನ್ನು ಸಿಂಪಡಿಸಿದ ಕಥೆ ದಶಕಗಳಷ್ಟು ಹಳೆಯದು. ಆ ವಿಷದಿಂದ ಮೀನೂ ಸಾಯುತ್ತದೆ, ಸುತ್ತಲಿನ ಹವಳವೂ ಸಾಯುತ್ತದೆ. ಹಜಾರದಲ್ಲಿ ಈಜುವ ಒಂದು ಮೀನಿನ ಹಿಂದೆ, ದಾರಿಯಲ್ಲಿ ಸತ್ತ ಎಷ್ಟೋ ಮೀನುಗಳಿರುತ್ತವೆ. ತಾನು ಹಿಡಿಯಲಿಲ್ಲ, ಹಣ ಮಾತ್ರ ಕೊಟ್ಟೆನೆಂಬ ಸಮಾಧಾನ ಜೈನನಿಗೆ ಸಲ್ಲದು. ಕೃತ, ಕಾರಿತ, ಅನುಮೋದನ ಮೂರೂ ಸಮಾನವೆಂದು ಅವನು ಚಿಕ್ಕಂದಿನಿಂದ ಕೇಳಿದ್ದಾನೆ.

ದೇಶದ ಕಾನೂನು ಕೂಡ ಈ ವಿಷಯದಲ್ಲಿ ಮೌನವಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಥಮ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲವೂ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆಗಳೂ, ಸಮುದ್ರ ಕುದುರೆಗಳೂ ಸೇರಿದವು. ಹುಲಿಗೆ ಯಾವ ರಕ್ಷಣೆಯಿದೆಯೋ ಅದೇ ಅನುಸೂಚಿಯ ರಕ್ಷಣೆ ಹವಳಕ್ಕೂ ಇದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲಿನ ಹವಳವನ್ನು ಕಿತ್ತು ತಂದವನು ಅಪರಾಧಿ. ಅಂಗಡಿಯವನ ಬಾಯಿಮಾತನ್ನು ನಂಬಿ ಹವಳವನ್ನು ಕೊಳ್ಳುವ ಶ್ರಾವಕನು ಅಹಿಂಸಾವ್ರತದೊಡನೆ ಅಚೌರ್ಯವ್ರತವನ್ನೂ ಅಪಾಯಕ್ಕೊಡ್ಡುತ್ತಾನೆ.

ಹವಳವು ಕಲ್ಲಲ್ಲವೇ, ಅದಕ್ಕೆ ನೋವೆಲ್ಲಿಯದು ಎನ್ನುವವರಿದ್ದಾರೆ. ಕಲ್ಲೆಂದೇ ಜಗತ್ತು ತಿಳಿದಿದ್ದ ಕಾಲದಲ್ಲಿಯೂ ಜೈನಾಗಮ ಅದನ್ನು ನಿರ್ಜೀವವೆನ್ನಲಿಲ್ಲ. ವಟ್ಟಕೇರಾಚಾರ್ಯರ ಮೂಲಾಚಾರವು ಪ್ರವಾಳವನ್ನು ಪೃಥ್ವೀಕಾಯಿಕ ಜೀವಗಳ ಸಾಲಿನಲ್ಲಿ ಎಣಿಸುತ್ತದೆ. ಯುರೋಪಿನ ವಿದ್ವಾಂಸರು ಹವಳವು ಸಸ್ಯವೋ ಪ್ರಾಣಿಯೋ ಎಂದು ಹದಿನೆಂಟನೆಯ ಶತಮಾನದಲ್ಲಿಯೂ ಚರ್ಚಿಸುತ್ತಿದ್ದರು. ಇಂದಿನ ವಿಜ್ಞಾನದ ಪ್ರಕಾರ ಅದು ಸಾವಿರಾರು ಸಣ್ಣ ಪ್ರಾಣಿಗಳು ಒಂದುಗೂಡಿ ಕಟ್ಟಿದ ಸಮೂಹ. ಪ್ರತಿಯೊಂದಕ್ಕೂ ಬಾಯಿಯಿದೆ, ಬಾಯಿಯ ಸುತ್ತ ಎಳೆಗಳಂಥ ಬಾಹುಗಳಿವೆ. ಅವು ಆಹಾರವನ್ನು ಹಿಡಿಯುತ್ತವೆ, ಸ್ಪರ್ಶಕ್ಕೆ ಮುದುಡಿಕೊಳ್ಳುತ್ತವೆ. ಸ್ಥಾವರವೆಂದೇ ಎಣಿಸಿದರೂ ನಿಷ್ಪ್ರಯೋಜನವಾಗಿ ಅದನ್ನು ಪೀಡಿಸುವುದು ದೋಷ. ತ್ರಸವೆಂದು ಎಣಿಸಿದರಂತೂ ದೋಷವು ಹಲವು ಪಟ್ಟು. ಸಂಶಯವಿರುವಲ್ಲಿ ಹೆಚ್ಚಿನ ಎಚ್ಚರವನ್ನು ಹಿಡಿಯುವುದೇ ಜೈನಮಾರ್ಗ.

ಇನ್ನು ಆಹಾರದ ಮಾತು. ರಾತ್ರಿಭೋಜನವನ್ನು ತ್ಯಜಿಸಿದ, ಕಂದಮೂಲವನ್ನು ಮುಟ್ಟದ, ನೀರನ್ನು ಸೋಸದೆ ಕುಡಿಯದ ಮನೆಯ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿದ ಸೀಗಡಿಯ ಪೊಟ್ಟಣವಿರುವುದನ್ನು ಊಹಿಸಬಹುದೇ? ಹವಳದ ತೊಟ್ಟಿಯ ಮೀನುಗಳಲ್ಲಿ ಅನೇಕಕ್ಕೆ ಅದೇ ಆಹಾರ. ತೊಟ್ಟಿಯಲ್ಲಿ ತಾನಾಗಿ ಹುಟ್ಟುವ ಬೇಡದ ಹುಳುಗಳನ್ನೂ, ಹವಳವನ್ನು ಪೀಡಿಸುವ ಜೀವಗಳನ್ನೂ ಔಷಧ ಹಾಕಿ, ಸೂಜಿ ಚುಚ್ಚಿ ಕೊಲ್ಲುವುದೂ ಈ ಹವ್ಯಾಸದ ನಿತ್ಯವಿಧಿ. ನಿಯಂತ್ರಕ ಯಂತ್ರವನ್ನು ತಂದರೆ ಇದಾವುದೂ ನಿಲ್ಲುವುದಿಲ್ಲ. ಅದು ನೀರಿನ ಉಷ್ಣತೆಯನ್ನು ಅಳೆಯಬಲ್ಲುದು. ಪಾಪದ ಉಷ್ಣತೆಯನ್ನು ಅಳೆಯಲಾರದು.

ಯಂತ್ರವು ಪ್ರಮಾದವನ್ನು ನಿವಾರಿಸುತ್ತದೆಂಬ ಮಾತನ್ನೂ ಪರೀಕ್ಷಿಸಬೇಕು. ಈ ಐದು ತಾಲೂಕುಗಳ ರೈತನಿಗೆ ಇದರ ಉತ್ತರ ಗೊತ್ತಿದೆ. ಹೊತ್ತಲ್ಲದ ಹೊತ್ತಿನಲ್ಲಿ ತ್ರೀಫೇಸ್ ವಿದ್ಯುತ್ತು ಬಂದಾಗ ಪಂಪು ತಾನಾಗಿ ಓಡಲೆಂದು ಆಟೋ ಸ್ಟಾರ್ಟರನ್ನು ಕೂಡಿಸಿದವರು ಎಷ್ಟೋ ಜನ. ನಡುರಾತ್ರಿಯಲ್ಲಿ ಹಾವುಚೇಳುಗಳ ನಡುವೆ ಹೊಲಕ್ಕೆ ನಡೆಯುವ ಕಷ್ಟ ಅದರಿಂದ ತಪ್ಪಿತು, ಅದು ಒಳ್ಳೆಯದೇ. ಆದರೆ ಅದರೊಂದಿಗೆ ಹೊಲವನ್ನು ನೋಡುವ ಕಣ್ಣೂ ಮನೆಯಲ್ಲಿ ಮಲಗಿತು. ಬೇಕಾದಾಗಲೂ ಬೇಡವಾದಾಗಲೂ ನೀರು ಹರಿಯಿತು. ಕೃಷ್ಣಾತೀರದ ಕಬ್ಬಿನ ಎರೆಭೂಮಿ ಸವಳು-ಜವಳಾದುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮಿತಿಮೀರಿದ ನೀರು ಮುಖ್ಯವಾದುದು. ಯಂತ್ರ ತನ್ನ ಕೆಲಸವನ್ನು ತಪ್ಪದೆ ಮಾಡಿತು. ತಪ್ಪಿದುದು ಮನುಷ್ಯನ ಗಮನ.

ತೊಟ್ಟಿಯ ಯಂತ್ರದ ಕಥೆಯೂ ಇದೇ. ಸಂವೇದಕಗಳು ಕಾಲಕಾಲಕ್ಕೆ ಸರಿಹೊಂದಿಸದಿದ್ದರೆ ಸುಳ್ಳು ಹೇಳುತ್ತವೆ. ನೀರು ತುಂಬುವ ತೇಲುಗುಂಡು ಸಿಕ್ಕಿಕೊಂಡರೆ ಸಿಹಿನೀರು ತುಂಬಿ ಲವಣಾಂಶ ಕುಸಿಯುತ್ತದೆ. ಹೀಟರಿನ ಸ್ವಿಚ್ಚು ಅಂಟಿಕೊಂಡರೆ ನೀರು ಕಾದು ಎಲ್ಲವೂ ಬೇಯುತ್ತದೆ. ಯಂತ್ರವನ್ನು ನಂಬಿ ಪರವೂರಿಗೆ ಹೋದ ಯಜಮಾನನು ಮೊಬೈಲಿನಲ್ಲಿ ಸಾವಿನ ಸುದ್ದಿಯನ್ನು ಓದುತ್ತಾನೆ, ಅಷ್ಟೇ. ಆಗ ಅವನು ತಪ್ಪು ಯಂತ್ರದ್ದೆನ್ನುತ್ತಾನೆ. ಯಂತ್ರಕ್ಕೆ ಜೀವವಿಲ್ಲ, ಕಷಾಯವಿಲ್ಲ, ಕರ್ಮಬಂಧವಿಲ್ಲ. ಅದರ ಕೈಯಿಂದ ಆದುದೆಲ್ಲ ಅದನ್ನು ನಿಯೋಜಿಸಿದವನ ಕಾರಿತವೇ. ಆಸ್ರವವನ್ನು ಯಂತ್ರದ ಖಾತೆಗೆ ಬರೆಯುವ ಲೆಕ್ಕಪುಸ್ತಕ ಜೈನಧರ್ಮದಲ್ಲಿಲ್ಲ.

ಭೋಜ ಗ್ರಾಮದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರ ಅಂತ್ಯವನ್ನು ಈ ನೆಲದವರು ಮರೆಯಬಾರದು. 1955ರಲ್ಲಿ ಕುಂಥಲಗಿರಿಯಲ್ಲಿ ಅವರು ಸಲ್ಲೇಖನವನ್ನು ಸ್ವೀಕರಿಸಿದುದು ಮುಖ್ಯವಾಗಿ ಕಣ್ಣಿನ ಶಕ್ತಿ ಕುಂದಿದ ಕಾರಣದಿಂದ. ನಡೆಯುವ ದಾರಿಯ ಸೂಕ್ಷ್ಮಜೀವಿಗಳು ತಮ್ಮ ಕಣ್ಣಿಗೆ ಕಾಣದೆ ಹೋದ ಮೇಲೆ ಸಮಿತಿಯ ಪಾಲನೆ ಸಾಧ್ಯವಿಲ್ಲವೆಂದು ಅವರು ಬಗೆದರು. ಸುತ್ತಲೂ ಸಾವಿರಾರು ಭಕ್ತರ ಕಣ್ಣುಗಳಿದ್ದವು. ಯಾರ ಕಣ್ಣನ್ನೂ ಅವರು ಸಾಲ ಕೇಳಲಿಲ್ಲ. ಮುನಿಯ ಮಹಾವ್ರತವನ್ನು ಗೃಹಸ್ಥನಿಗೆ ವಿಧಿಸಲಾಗದು ನಿಜ. ಆದರೆ ಯತ್ನಾಚಾರವೆಂದರೆ ತನ್ನ ಕಣ್ಣಿನಿಂದ ತಾನೇ ನೋಡುವುದೆಂಬ ಆ ಪಾಠವು ಗೃಹಸ್ಥನಿಗೂ ಅನ್ವಯಿಸುತ್ತದೆ.

ನಾಡಿನ ಪ್ರಕೃತಿಯೂ ಈ ಹವ್ಯಾಸವನ್ನು ಒಪ್ಪುವುದಿಲ್ಲ. ಅಥಣಿ, ರಾಯಬಾಗಗಳ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ಮುಟ್ಟುವಾಗ ತೊಟ್ಟಿಯನ್ನು 26ರಲ್ಲಿ ಇಡಲು ಚಿಲ್ಲರು ದಿನವಿಡೀ ಓಡಬೇಕು. ವಿದ್ಯುತ್ತು ನಿಂತರೆ ಕೆಲವೇ ಗಂಟೆಗಳಲ್ಲಿ ನೀರಿನ ಆಮ್ಲಜನಕ ತಗ್ಗಿ ಮೀನು ಉಸಿರುಗಟ್ಟುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಅದರ ಉಪನದಿಗಳೂ ಉಕ್ಕಿ ಈ ತಾಲೂಕುಗಳ ಎಷ್ಟೋ ಊರುಗಳನ್ನು ಮುಳುಗಿಸಿದಾಗ ಮನುಷ್ಯರೂ ದನಕರುಗಳೂ ನೆಲೆಯಿಲ್ಲದೆ ಪರದಾಡಿದರು. ಅಂಥ ದಿನದಲ್ಲಿ ಯಾವ ನಿಯಂತ್ರಕ ಯಾವ ತೊಟ್ಟಿಯನ್ನು ಕಾಯುತ್ತದೆ? ಉಪ್ಪಿನ ಲೆಕ್ಕವನ್ನೂ ನೋಡಬೇಕು. 300 ಲೀಟರಿನ ತೊಟ್ಟಿಗೆ ಹತ್ತು ಕಿಲೋಗೂ ಮಿಕ್ಕಿ ಲವಣ ಬೇಕು. ವಾರಕ್ಕೆ ಹತ್ತನೆಯ ಒಂದು ಪಾಲು ನೀರನ್ನು ಬದಲಿಸಿದರೆ ವರ್ಷಕ್ಕೆ ಸುಮಾರು 50 ಕಿಲೋ ಉಪ್ಪು ಚರಂಡಿಗೋ ಹಿತ್ತಲಿಗೋ ಸೇರುತ್ತದೆ. ಸವಳುಭೂಮಿಯ ಸಂಕಟವನ್ನು ಕಂಡ ನೆಲಕ್ಕೆ ಉಪ್ಪನ್ನು ಕೊಂಡುತಂದು ಸುರಿಯುವುದು ಎಂಥ ವಿವೇಕ?

ಹಾಗಾದರೆ ಈಗಾಗಲೇ ತೊಟ್ಟಿಯನ್ನು ಇಟ್ಟುಕೊಂಡವರು ಏನು ಮಾಡಬೇಕು? ಇಲ್ಲಿ ಕಠೋರವಾಗುವುದು ಧರ್ಮವಲ್ಲ. ಪಶ್ಚಾತ್ತಾಪದ ಆವೇಶದಲ್ಲಿ ಮೀನುಗಳನ್ನು ಕೃಷ್ಣೆಗೋ ದೂಧಗಂಗೆಗೋ ಸುರಿಯುವುದು ಮತ್ತೊಂದು ಹಿಂಸೆ. ಉಪ್ಪುನೀರಿನ ಜೀವ ಸಿಹಿನೀರಿನಲ್ಲಿ ಬದುಕದು. ಸಾಕಿದ ಸಿಹಿನೀರಿನ ಮೀನಾದರೆ ನದಿಯ ಜೀವಗಳಿಗೆ ಕೇಡು ತರಬಹುದು. ಹಿಡಿದಿಟ್ಟ ಜೀವದ ಅನ್ನಪಾನವನ್ನು ನಿಲ್ಲಿಸುವುದೂ ಅತಿಚಾರವೇ. ಆದುದರಿಂದ ಇರುವ ಜೀವಗಳನ್ನು ಅವುಗಳ ಆಯುಷ್ಯ ಮುಗಿಯುವವರೆಗೆ ಕಾಪಾಡಬೇಕು; ಹೊಸದೊಂದನ್ನೂ ಸೇರಿಸಬಾರದು. ಕಾನೂನು ರಕ್ಷಿಸಿದ ಹವಳವು ಮನೆಯಲ್ಲಿದ್ದರೆ ಮುಚ್ಚಿಡದೆ ಅರಣ್ಯ ಇಲಾಖೆಯನ್ನು ಕೇಳಿ ನಡೆಯಬೇಕು. ಯಂತ್ರದ ಪ್ರಶ್ನೆ ನಿಜವಾಗಿ ಹುಟ್ಟುವುದು ಇಂಥ ಮನೆಯಲ್ಲಿ ಮಾತ್ರ. ಉಷ್ಣತೆಯನ್ನು ಮಿತಿಯಲ್ಲಿಡುವ ಸಾಧನ, ವಿದ್ಯುತ್ತು ಹೋದಾಗ ಗಾಳಿಯೂದುವ ಬ್ಯಾಟರಿ ಪಂಪು, ಅಪಾಯವನ್ನು ತಿಳಿಸುವ ಗಂಟೆ ಇವು ಪ್ರಾಣರಕ್ಷಣೆಯ ಸಾಧನಗಳು. ಇವನ್ನು ಕೊಳ್ಳುವುದರಲ್ಲಿ ದೋಷವಿಲ್ಲ. ಯಜಮಾನನು ದೂರವಿರಲೆಂದು, ತೊಟ್ಟಿ ಇನ್ನಷ್ಟು ದೊಡ್ಡದಾಗಲೆಂದು, ನಾಜೂಕಿನ ಹವಳಗಳನ್ನು ಇನ್ನಷ್ಟು ತುಂಬಲೆಂದು ಕೊಳ್ಳುವ ಯಂತ್ರವಾದರೋ ಪರಿಗ್ರಹದ ಬೆಳವಣಿಗೆ. ಎರಡನ್ನೂ ಬೇರ್ಪಡಿಸಲು ಒಂದೇ ಪರೀಕ್ಷೆ ಸಾಕು: ಇಂದು ರಾತ್ರಿ ಯಂತ್ರ ನಿಂತರೆ ಬೆಳಗಾಗುವುದರೊಳಗೆ ಮನೆಯಲ್ಲಿ ಯಾರಾದರೂ ಎದ್ದು ನೋಡುವರೇ? ನೋಡುವವರಿದ್ದರೆ ಯಂತ್ರವು ದಯೆಗೆ ಸಹಾಯಕ. ಇಲ್ಲವಾದರೆ ಅದು ದಯೆಯ ಸ್ಥಾನವನ್ನೇ ಕಿತ್ತುಕೊಂಡಿದೆ.

ಬಸದಿಗಳ ವಿಶ್ವಸ್ತ ಮಂಡಳಿಗಳ ಜವಾಬ್ದಾರಿ ಇನ್ನೂ ದೊಡ್ಡದು. ಕಲ್ಯಾಣಮಂಟಪಕ್ಕೋ ಯಾತ್ರಿನಿವಾಸಕ್ಕೋ ಶೋಭೆಯಾಗಿ ಅಕ್ವೇರಿಯಂ ಕೊಡುವೆನೆಂದು ದಾನಿಯೊಬ್ಬನು ಮುಂದೆ ಬಂದಾಗ, ಯಂತ್ರವೇ ಎಲ್ಲವನ್ನೂ ನೋಡಿಕೊಳ್ಳುವುದರಿಂದ ಖರ್ಚೂ ಇಲ್ಲ ಶ್ರಮವೂ ಇಲ್ಲವೆಂದು ಅವನು ಹೇಳಿದಾಗ, ದಾನಿಯ ಮನಸ್ಸು ನೋಯಬಾರದೆಂದು ಒಪ್ಪಿಕೊಳ್ಳುವುದು ಸುಲಭ. ಆದರೆ ಒಂದು ಮನೆಯ ತೊಟ್ಟಿ ಆ ಮನೆಯವರ ದೋಷ. ಬಸದಿಯ ಆವರಣದ ತೊಟ್ಟಿ ಇಡೀ ಸಮಾಜದ ಅನುಮೋದನೆ. ಅದನ್ನು ನೋಡಿದ ಮಗುವು ಪಂಚೇಂದ್ರಿಯ ಜೀವಿಯನ್ನು ಕೂಡಿಹಾಕುವುದು ಧರ್ಮಸಮ್ಮತವೆಂದು ಕಲಿಯುತ್ತದೆ. ಪಾಠಶಾಲೆಯ ಹತ್ತು ವರ್ಷದ ಬೋಧನೆ ಅದನ್ನು ಅಳಿಸಲಾರದು. ಸದಲಗಾ ಗ್ರಾಮದಲ್ಲಿ 1946ರಲ್ಲಿ ಜನಿಸಿ 2024ರಲ್ಲಿ ಸಮಾಧಿಸ್ಥರಾದ ಆಚಾರ್ಯ ವಿದ್ಯಾಸಾಗರ ಮಹಾರಾಜರ ಪ್ರೇರಣೆಯಿಂದ ದೇಶದ ಅನೇಕ ಕಡೆ ಗೋಶಾಲೆಗಳು ನಡೆಯುತ್ತಿವೆ. ಅಲ್ಲಿಯೂ ಪ್ರಾಣಿಗಳನ್ನು ಇಟ್ಟುಕೊಂಡಿದ್ದಾರೆ. ಆದರೆ ಯಾರಿಗೂ ಬೇಡವಾದವುಗಳನ್ನು, ಅವುಗಳ ಹಿತಕ್ಕಾಗಿ. ತೊಟ್ಟಿಯಲ್ಲಿ ಇಡುವುದು ಸುಖವಾಗಿದ್ದ ಜೀವವನ್ನು, ನೋಡುವವನ ಹಿತಕ್ಕಾಗಿ. ಯಂತ್ರಕ್ಕೆಂದು ತೆಗೆದಿಟ್ಟ ಹತ್ತಾರು ಸಾವಿರ ರೂಪಾಯಿಗಳಿಗೆ ಬರಗಾಲದ ಬೇಸಿಗೆಯಲ್ಲಿ ಎಷ್ಟು ಮೇವು, ಎಷ್ಟು ನೀರಿನ ತೊಟ್ಟಿಗಳಾದಾವು ಎಂಬುದನ್ನು ದಾನಿಗೆ ವಿನಯದಿಂದ ತಿಳಿಸುವುದು ವಿಶ್ವಸ್ತರ ಕರ್ತವ್ಯ.

ಆದ್ದರಿಂದ ಪ್ರತಿಯೊಂದು ವಿಶ್ವಸ್ತ ಮಂಡಳಿಯೂ ತನ್ನ ಆವರಣದಲ್ಲಿ ಅಲಂಕಾರಕ್ಕಾಗಿ ಯಾವ ಜೀವವನ್ನೂ ಕೂಡಿಹಾಕುವುದಿಲ್ಲವೆಂದು ನಿರ್ಣಯವನ್ನು ಬರೆದಿಡಲಿ. ಪ್ರತಿಯೊಂದು ಕುಟುಂಬವೂ ಬರುವ ಪರ್ಯೂಷಣದೊಳಗೆ ಈ ವಿಷಯವನ್ನು ಮಕ್ಕಳನ್ನು ಕೂಡಿಸಿಕೊಂಡು ಚರ್ಚಿಸಲಿ. ಸಮುದ್ರವನ್ನು ಕಾಯಲು ಸಮುದ್ರಕ್ಕೆ ಯಂತ್ರ ಬೇಕಾಗಿಲ್ಲ. ಅದರ ಒಂದು ತುಣುಕನ್ನು ಕಿತ್ತು ತಂದವನಿಗೆ ಮಾತ್ರ ಅದು ಬೇಕು. ಕಿತ್ತು ತರದಿದ್ದರೆ ಕೊಳ್ಳುವ ಪ್ರಶ್ನೆಯೇ ಏಳದು.