ಸಾಲ ಮತ್ತು ಶೀಲ

ಸಾಲಗಾರರನ್ನು ನಂಬಬಾರದೆಂಬ ಅರಳಿಕಟ್ಟೆಯ ತೀರ್ಮಾನವನ್ನು ಅಮೆರಿಕದ ಸರ್ಕಾರ ನಿಯಮವಾಗಿಯೇ ಬರೆದಿಟ್ಟುಕೊಂಡಿದೆ. ಅಲ್ಲಿ ಗುಪ್ತ ಕಾಗದಪತ್ರ ಕೈಗೆ ಬರುವಂಥ ನೌಕರಿಗೆ ‘ಸೆಕ್ಯುರಿಟಿ ಕ್ಲಿಯರೆನ್ಸ್’ ಎಂಬ ಅನುಮತಿ ಬೇಕು. 2017ರಿಂದ ಜಾರಿಯಲ್ಲಿರುವ ನಿಯಮಾವಳಿಯ 13 ಬಾಬತ್ತುಗಳಲ್ಲಿ ಒಂದು ಹಣಕಾಸಿನದು. ತೀರಿಸದ ಸಾಲ, ಕಟ್ಟದ ತೆರಿಗೆ, ಅಷ್ಟೇಕೆ, ಸಲ್ಲಿಸದೆ ಬಿಟ್ಟ ತೆರಿಗೆ ಲೆಕ್ಕ ಕೂಡ ಸಂಯಮವಿಲ್ಲದ, ವಿವೇಕವಿಲ್ಲದ, ನಿಯಮಕ್ಕೆ ಬಗ್ಗದ ಸ್ವಭಾವದ ಗುರುತಾಗಬಹುದಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚದವಳು ದೇಶದ ಗುಟ್ಟನ್ನೂ ಮಾರಿಯಾಳೆಂಬ ಗುಮಾನಿ! ನಮ್ಮ ಊರುಗಳಿಂದ ಹೋಗಿ ಅಲ್ಲಿನ ಪೌರತ್ವ ಪಡೆದ ಹೆಣ್ಣುಮಕ್ಕಳೂ ಇಂಥ ನೌಕರಿಗೆ ಅರ್ಜಿ ಹಾಕಿದರೆ ಈ ತಕ್ಕಡಿಯಲ್ಲಿ ಕೂರಲೇಬೇಕು.

ಭಯ ಪೂರಾ ಸುಳ್ಳೆಂದು ನಾನು ಹೇಳುವುದಿಲ್ಲ. ಸಿಐಎಯ ಆಲ್ಡ್ರಿಚ್ ಏಮ್ಸ್ 1985ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಗುಟ್ಟು ಮಾರಲು ಹೊರಟಿದ್ದು ಸಾಲದ ಒತ್ತಡದಿಂದಲೇ. ಆದರೆ ಮುಂದಿನ ಕಥೆ ಕೇಳಿ. ಆತ 5,40,000 ಡಾಲರಿನ ಮನೆಯನ್ನು ನಗದು ಕೊಟ್ಟು ಕೊಂಡ, ಜಾಗ್ವಾರ್ ಕಾರಿನಲ್ಲಿ ಕಚೇರಿಗೆ ಬಂದ. ಹಣ ಎಲ್ಲಿಯದೆಂದರೆ, ಹೆಂಡತಿಯ ತವರಿನದು ಎಂದ. ಕಚೇರಿ ವರ್ಷಗಟ್ಟಲೆ ನಂಬಿಕೊಂಡು ಕೂತಿತ್ತು! ಅವನನ್ನು ಹಿಡಿದದ್ದು 1994ರಲ್ಲಿ. (ಆ ಹೆಂಡತಿಯೂ ಅಮಾಯಕಳಲ್ಲ, ಅವಳಿಗೂ ಜೈಲಾಯಿತು.) ವಿವರಣೆಯಿಲ್ಲದ ಸಿರಿವಂತಿಕೆಯನ್ನೂ ಸಂಶಯಿಸಬೇಕೆಂದು ಇಂದಿನ ನಿಯಮ ಹೇಳುತ್ತದೆ, ನಿಜ. ಆದರೂ ಕಾಸಿಲ್ಲದವರ ಕಷ್ಟ ದಾಖಲೆಯಲ್ಲಿ ಕಂಡಷ್ಟು ಸುಲಭವಾಗಿ ಕಾಸಿದ್ದವರ ಕಳ್ಳತನ ಕಾಣುವುದಿಲ್ಲ.

ನನ್ನ ಜಗಳ ಇರುವುದು ಇನ್ನೊಂದು ಕಡೆ. ಸಾಲ ಯಾರದು? ಅಮೆರಿಕದಲ್ಲಿ ಗಂಡಹೆಂಡಿರು ಒಂದೇ ತೆರಿಗೆ ಲೆಕ್ಕ ಸಲ್ಲಿಸಬಹುದು. ಇಬ್ಬರೂ ರುಜು ಹಾಕಿದರೆ ಪೂರ್ತಿ ತೆರಿಗೆಗೆ ಇಬ್ಬರೂ ಹೊಣೆ. ಬಾಕಿಯೆಲ್ಲ ಗಂಡನದೇ ಎಂದು ವಿಚ್ಛೇದನದ ತೀರ್ಪಿನಲ್ಲಿ ಬರೆದಿದ್ದರೂ ತೆರಿಗೆ ಇಲಾಖೆ ಅವಳನ್ನು ಬಿಡುವುದಿಲ್ಲ. ‘ಇಲ್ಲೊಂದು ಸಹಿ ಹಾಕು’ ಎಂದು ಗಂಡ ಕಾಗದ ಮುಂದಿಟ್ಟಾಗ ಒಲೆಯ ಮೇಲಿನ ಹಾಲು ನೋಡುತ್ತಲೇ ಸಹಿ ಹಾಕುವ ಹೆಂಗಸು ನಮ್ಮಲ್ಲಷ್ಟೇ ಇದ್ದಾಳೆಯೆ? ಅವನು ಮುಚ್ಚಿಟ್ಟ ಆದಾಯ ತನಗೆ ತಿಳಿದಿರಲಿಲ್ಲವೆಂದು ಸಾಧಿಸಿದರೆ ವಿನಾಯಿತಿ ಸಿಗಬಹುದು. ಸಾಧಿಸಬೇಕಾದವಳು ಅವಳು. ಅಲ್ಲಿಯವರೆಗೆ ಅವನ ಬಾಕಿ ಅವಳ ಶೀಲವಾಗಿ ದಾಖಲೆಯಲ್ಲಿರುತ್ತದೆ.

ಕಾಯಿಲೆ, ವಿಚ್ಛೇದನ, ನೌಕರಿ ಹೋದದ್ದು, ಇವುಗಳಿಂದಾದ ಸಾಲಕ್ಕೆ ರಿಯಾಯಿತಿ ಉಂಟೆಂದು ನಿಯಮದ ಪರ ಮಾತಾಡುವವರು ಹೇಳುತ್ತಾರೆ. ಉಂಟು. ಆದರೆ ಆಗಲೂ ತಾನು ಹೊಣೆಯರಿತು ನಡೆದೆನೆಂದು ಅವಳು ತೋರಿಸಬೇಕು. ಸ್ವಲ್ಪ ಅನುಮಾನ ಉಳಿದರೂ ಅದರ ಲಾಭ ದೇಶದ ಭದ್ರತೆಗೆ, ಅವಳಿಗಲ್ಲ. ಈ ಅನುಮತಿ ಯಾರ ಹಕ್ಕೂ ಅಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 1988ರಲ್ಲೇ ಹೇಳಿಯಾಗಿದೆ.

ಇಷ್ಟು ಕಟ್ಟುನಿಟ್ಟಿನ ಸರ್ಕಾರದ ಸ್ವಂತ ಸಂಸಾರ ಹೇಗಿದೆ? 2018ರ ಡಿಸೆಂಬರಿನಿಂದ 2019ರ ಜನವರಿಯವರೆಗೆ 35 ದಿನ, 2025ರಲ್ಲಿ 43 ದಿನ, ಬಜೆಟ್ಟಿನ ಜಗಳದಲ್ಲಿ ಕಚೇರಿಗಳಿಗೆ ಬೀಗ ಬಿತ್ತು. ಮೊದಲ ಸಲ ಸುಮಾರು 8 ಲಕ್ಷ ನೌಕರರಿಗೆ ಹೊತ್ತಿಗೆ ಸಂಬಳವಿಲ್ಲ. ಬಾಕಿ ಆಮೇಲೆ ಬಂತು, ಸರಿ. ಅಲ್ಲಿಯತನಕ ಬಾಡಿಗೆಯವನು ಕಾಯುತ್ತಾನೆಯೆ? ಕಂತು ತಪ್ಪಿಸಿದವಳ ವಿವೇಕ ಅಳೆಯುವ ಸರ್ಕಾರ, ತಾನು ಸಂಬಳ ತಪ್ಪಿಸಿದಾಗ ಯಾವ ತಕ್ಕಡಿಯಲ್ಲಿ ಕೂತಿತು?

ಗುಟ್ಟು ಕಾಯಬೇಕು, ಬೇಡವೆಂದವರಾರು? ಆದರೆ ತೆರಿಗೆಯ ಹಳೆಯ ಕಡತಗಳಿರುವುದು ಸರ್ಕಾರದ ಬಳಿಯೇ. ಆದಾಯ ಯಾರದು, ಮುಚ್ಚಿಟ್ಟವರು ಯಾರೆಂದು ಮೊದಲು ಅದೇ ಹುಡುಕಲಿ. ಬಿಟ್ಟುಬಂದ ಮನೆಯ ಕಪಾಟಿನಲ್ಲಿ ಉಳಿದುಹೋದ ಕಾಗದಗಳನ್ನು ತಾ ಎಂದು ಅವಳನ್ನು ಆ ಬಾಗಿಲಿಗೇ ಮತ್ತೆ ಅಟ್ಟುವುದು ಬೇಡ.