ಅಳತೆ ಇದ್ದರೆ ಹಡಗು, ಇಲ್ಲದಿದ್ದರೆ ಆಟಿಗೆ



ಈ ಸಲದ ವಸ್ತುಪ್ರದರ್ಶನದಲ್ಲಿ ನಮ್ಮ ತರಗತಿಯಿಂದ ಒಂದು ಯುದ್ಧನೌಕೆಯ ಮಾದರಿ ಇಡಲು ಗುರುಗಳು ಒಪ್ಪಿದ್ದಾರೆ. ಬಹಳ ಸಂತೋಷ. ಆದರೆ ಅದನ್ನು ಹೇಗೆ ಇಡಬೇಕು ಎಂಬುದರಲ್ಲಿ ನಮ್ಮೊಳಗೇ ಎರಡು ಗುಂಪು ಆಗಿವೆ. "ತಲಾ ಐವತ್ತು ರೂಪಾಯಿ ಹಾಕೂನು, ಪ್ಯಾಟ್ಯಾಗ ರೆಡಿಮೇಡ್ ಪ್ಲಾಸ್ಟಿಕ್ ಹಡಗ ಸಿಗತೈತಿ, ತಂದು ಇಟ್ಟುಬಿಡೂನು" ಅಂತ ಒಂದು ಗುಂಪು. "ನಾವ ಮಾಡೂನು" ಅಂತ ಇನ್ನೊಂದು. ನಾನು ಎರಡನೇ ಗುಂಪಿನವಳು. ಐವತ್ತು ರೂಪಾಯಿ ಎಲ್ಲರ ಮನೆಯಲ್ಲೂ ಸಣ್ಣ ದುಡ್ಡಲ್ಲ ಎಂಬುದು ಒಂದು ಕಾರಣ. ಆದರೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅದನ್ನು ಹೇಳಲಿಕ್ಕೇ ಈ ಲೇಖನ.

ಮೊದಲು ಮಾದರಿ ಅಂದರೇನು ನೋಡೋಣ. ನಮ್ಮ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ಹಗುರಾದ ಕಟ್ಟಿಗೆಯಲ್ಲಿ ಕೈ, ಕಾಲು, ಮೈ ಬೇರೆ ಬೇರೆ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಬಣ್ಣ ಹಚ್ಚಿ ಗೊಂಬೆ ಮಾಡುತ್ತಾರೆ. ಗರುಡನ ಗೊಂಬೆ ನೋಡಿ "ಖರೇ ಗರುಡನ ರೆಕ್ಕಿ ಎಷ್ಟು ಉದ್ದ ಇತ್ತು?" ಎಂದು ಯಾರೂ ಕೇಳುವುದಿಲ್ಲ. ಗೊಂಬೆಗೆ ಅದರ ಚೆಲುವೇ ಸಾಕು. ಮಾದರಿ ಹಾಗಲ್ಲ. ಅದರ ಹಿಂದೆ ಒಂದು ನಿಜವಾದ ವಸ್ತು ನಿಂತಿರುತ್ತದೆ. ಹೊಲದ ನಕಾಶೆ ಇದ್ದ ಹಾಗೆ. ಮೋಜಣಿ ಮಾಡುವವರು ನಕಾಶೆಯಲ್ಲಿ ಒಂದು ಗೆರೆ ತುಸು ಸರಿಸಿದರೆ ಏನಾಗುತ್ತದೆ? ಹೊಲದ ಬದುವಿನ ಮೇಲೆ ಅಣ್ಣ ತಮ್ಮರ ಜಗಳ ಆಗುತ್ತದೆ. ನಕಾಶೆ ಚೆಂದ ಇರಬೇಕಂತ ಯಾರೂ ಕೇಳುವುದಿಲ್ಲ, ಖರೇ ಇರಬೇಕು ಅಂತಾರೆ. ಹಡಗಿನ ಮಾದರಿಗೂ ಅದೇ ನ್ಯಾಯ.

ಪ್ಲಾಸ್ಟಿಕ್ ಮಾದರಿಗಳನ್ನು ಜೋಡಿಸುವ ಹವ್ಯಾಸ ಹೊರದೇಶಗಳಲ್ಲಿ ಬಹಳ ಹಳೆಯದು. ಇಂಗ್ಲೆಂಡಿನ ಏರ್‌ಫಿಕ್ಸ್ ಎಂಬ ಕಂಪನಿ 1950ರ ದಶಕದಲ್ಲಿ 'ಗೋಲ್ಡನ್ ಹೈಂಡ್' ಎಂಬ ಹಡಗಿನ ಬಿಡಿ ಭಾಗಗಳನ್ನು ಚೀಲದಲ್ಲಿ ಹಾಕಿ ಎರಡು ಶಿಲ್ಲಿಂಗಿಗೆ ಮಾರಿತು. ಅದು ನಾನೂರು ವರ್ಷಗಳ ಹಿಂದೆ ಫ್ರಾನ್ಸಿಸ್ ಡ್ರೇಕ್ ಎಂಬ ನಾವಿಕ ಭೂಮಿ ಸುತ್ತಿಬಂದ ಹಡಗು. ಇಂಥ ಪೆಟ್ಟಿಗೆಗಳಲ್ಲಿ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಭಾಗಗಳು ಒಂದು ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಒಂದೊಂದಕ್ಕೂ ನಂಬರು. ಕತ್ತರಿಸಿ, ಉಜ್ಜಿ, ನಂಬರಿನ ಪ್ರಕಾರ ಅಂಟಿಸಬೇಕು. ಪೆಟ್ಟಿಗೆಯ ಮೇಲೆ 1:72, 1:350, 1:700 ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ನಿಜವಾದ ಹಡಗಿನ 350 ಸೆಂಟಿಮೀಟರ್ ಮಾದರಿಯಲ್ಲಿ ಒಂದು ಸೆಂಟಿಮೀಟರ್ ಎಂದು ಅದರ ಅರ್ಥ. ಪ್ಯಾಟ್ಯಾಗ ಸಿಗುವ ರೆಡಿಮೇಡ್ ಹಡಗಿನ ಮೇಲೆ ಈ ಅಂಕಿ ಇರುವುದಿಲ್ಲ. ಅದು ಯಾವ ಹಡಗು ಅಂತ ಹೆಸರೂ ಇರುವುದಿಲ್ಲ. ಹೆಸರಿಲ್ಲದ್ದು, ಅಳತೆ ಇಲ್ಲದ್ದು ಆಟಿಗೆ. ಆಟಿಗೆ ಕೆಟ್ಟದ್ದಲ್ಲ, ಆದರೆ ಅದನ್ನು ಇತಿಹಾಸ ಅಂತ ಮೇಜಿನ ಮೇಲೆ ಇಡಬಾರದು.

ಹಾಗಾದರೆ ಯಾವ ಹಡಗು? ಸಮುದ್ರ ನೋಡದ ಊರು ನಮ್ಮದು. ನಮಗೆ ದೊಡ್ಡ ನೀರು ಅಂದರೆ ತುಂಗಭದ್ರಾ ಡ್ಯಾಮಿನ ಹಿನ್ನೀರು. ಆದರೆ ನಮ್ಮ ರಾಜ್ಯದಲ್ಲೇ ಒಂದು ಯುದ್ಧನೌಕೆ ದಂಡೆಯ ಮೇಲೆ ನಿಂತಿದೆ. ಹುಬ್ಬಳ್ಳಿ ದಾಟಿ, ಯಲ್ಲಾಪುರದ ಮೇಲೆ ಹಾದು, ಘಟ್ಟ ಇಳಿದರೆ ಕಾರವಾರ. ಅಲ್ಲಿಯ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ 'ಐ.ಎನ್.ಎಸ್. ಚಪಲ್' ಎಂಬ ಹಡಗನ್ನು ವಸ್ತುಸಂಗ್ರಹಾಲಯ ಮಾಡಿ 2006ರಲ್ಲಿ ಜನರಿಗೆ ತೆರೆದರು. ಇದು ರಷ್ಯಾದ 'ಓಸಾ' ಜಾತಿಯ ಕ್ಷಿಪಣಿ ದೋಣಿ. 1976ರಲ್ಲಿ ನಮ್ಮ ನೌಕಾಪಡೆಗೆ ಸೇರಿತು, 2005ರಲ್ಲಿ ನಿವೃತ್ತಿ ಆಯಿತು. ಉದ್ದ 38.6 ಮೀಟರ್, ಅಂದರೆ ಮೂರು ಬಸ್ಸು ಸಾಲಾಗಿ ನಿಲ್ಲಿಸಿದ್ದಕ್ಕಿಂತ ತುಸು ಹೆಚ್ಚು. ಅಗಲ ಸುಮಾರು 7.6 ಮೀಟರ್. ನಾಲ್ಕು ಕ್ಷಿಪಣಿ, ಮುಂದೊಂದು ಹಿಂದೊಂದು ಜೋಡಿ ನಳಿಕೆಯ ತೋಪು, ಸುಮಾರು 30 ಜನ ನಾವಿಕರು.

ಇದನ್ನು 1:100ರ ಪ್ರಮಾಣದಲ್ಲಿ ಮಾಡೋಣ ಎಂಬುದು ನನ್ನ ಸಲಹೆ. ಲೆಕ್ಕ ಬಹಳ ಸರಳ. ಒಂದು ಮೀಟರಿಗೆ ಒಂದು ಸೆಂಟಿಮೀಟರ್. ಉದ್ದ 38.6 ಸೆಂ.ಮೀ., ಅಗಲ 7.6 ಸೆಂ.ಮೀ. ನಮ್ಮ ಕಂಪಾಸ್ ಪೆಟ್ಟಿಗೆಯ ಸ್ಕೇಲೇ ಸಾಕು. ಒಬ್ಬ ನಾವಿಕ ಒಂದು ಮುಕ್ಕಾಲು ಸೆಂಟಿಮೀಟರೂ ಇಲ್ಲ. ಕ್ಷಿಪಣಿಯ ಉದ್ದ ಸುಮಾರು 5.8 ಮೀಟರ್, ಮಾದರಿಯಲ್ಲಿ ಆರು ಸೆಂಟಿಮೀಟರಿಗೆ ತುಸು ಕಡಿಮೆ.

ಇನ್ನೊಂದು ಮಜಾ ನೋಡಿ. ಉದ್ದ ನೂರು ಪಟ್ಟು ಕಡಿಮೆ ಆದರೆ ಅಗಲವೂ ನೂರು ಪಟ್ಟು, ಎತ್ತರವೂ ನೂರು ಪಟ್ಟು ಕಡಿಮೆ ಆಗುತ್ತದೆ. ಆಗ ಗಾತ್ರ ಎಷ್ಟು ಕಡಿಮೆ? ನೂರು ಗುಣಿಸು ನೂರು ಗುಣಿಸು ನೂರು, ಅಂದರೆ ಹತ್ತು ಲಕ್ಷ ಪಟ್ಟು! ನಿಜವಾದ ಹಡಗು ತುಂಬಿದಾಗ ಸುಮಾರು 240 ಟನ್. ಅದನ್ನು ಹತ್ತು ಲಕ್ಷದಿಂದ ಭಾಗಿಸಿದರೆ 240 ಗ್ರಾಂ. ಅಂದರೆ ನಮ್ಮ ಮಾದರಿ ಕಾಲು ಕಿಲೋದಷ್ಟು ತೂಗಿದರೆ, ದನಕ್ಕೆ ನೀರು ಕುಡಿಸುವ ತೊಟ್ಟಿಯಲ್ಲಿ ಬಿಟ್ಟಾಗ ಖರೇ ಹಡಗು ಸಮುದ್ರದಲ್ಲಿ ಎಷ್ಟು ಮುಳುಗುತ್ತಿತ್ತೋ ಹೆಚ್ಚುಕಡಿಮೆ ಅಷ್ಟೇ ಮುಳುಗುತ್ತದೆ. ಆರ್ಕಿಮಿಡೀಸನ ತತ್ವವನ್ನು ಬಾಯಿಪಾಠ ಮಾಡಿ ಎರಡು ಅಂಕ ತೆಗೆದುಕೊಳ್ಳುವುದು ಒಂದು ರೀತಿ. ಕಿರಾಣಿ ಅಂಗಡಿಯ ತಕ್ಕಡಿ ಮತ್ತು ತೊಟ್ಟಿಯ ನೀರಿನಲ್ಲಿ ಅದನ್ನು ಕಣ್ಣಾರೆ ಕಾಣುವುದು ಇನ್ನೊಂದು ರೀತಿ. ಕೊಂಡು ತಂದ ಹಡಗು ಇದನ್ನು ಕಲಿಸುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. "1971ರ ಯುದ್ಧದಾಗ ಕರಾಚಿ ಮ್ಯಾಲೆ ದಾಳಿ ಮಾಡಿದ ಹಡಗ" ಅಂತ ಚಪಲ್ ಬಗ್ಗೆ ಅನೇಕರು ಹೇಳುತ್ತಾರೆ, ಬರೆಯುತ್ತಾರೆ. ನಮ್ಮ ತರಗತಿಯಲ್ಲೂ ಹಾಗೇ ಚೀಟಿ ಬರೆದು ಅಂಟಿಸೋಣ ಎಂದು ಮಾತಾಗಿದೆ. ಗೆಳೆಯರೇ, 1976ರಲ್ಲಿ ನೌಕಾಪಡೆಗೆ ಸೇರಿದ ಹಡಗು 1971ರಲ್ಲಿ ಯುದ್ಧ ಮಾಡುವುದು ಹೇಗೆ? ಇದಕ್ಕೆ ಗಣಿತದ ಮಾಸ್ತರರೂ ಬೇಕಾಗಿಲ್ಲ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಕ್ಷಿಪಣಿ ಹಾರಿಸಿದವು ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು. ಕಿಲ್ತಾನ್, ಕಚಾಲ್ ಎಂಬ ಎರಡು ಹಡಗುಗಳು ಅವುಗಳ ಜೊತೆಗಿದ್ದವು. ಅದರ ನೆನಪಿಗೇ ಡಿಸೆಂಬರ್ 4ನ್ನು ನೌಕಾಪಡೆಯ ದಿನ ಎಂದು ಆಚರಿಸುತ್ತಾರೆ. ಚಪಲ್ ಅವುಗಳ ತಂಗಿ ಇದ್ದ ಹಾಗೆ, ಅದೇ ಮನೆತನದ್ದು, ಆದರೆ ಆಮೇಲೆ ಹುಟ್ಟಿದ್ದು.

ಅಳತೆಯಿಂದ ಮಾದರಿ ಮಾಡುವವರಿಗೆ ಈ ವ್ಯತ್ಯಾಸ ತಾನೇ ಕೈಗೆ ಸಿಗುತ್ತದೆ. 1971ರ ದೋಣಿಗಳಲ್ಲಿ ಕ್ಷಿಪಣಿ ಇಡುವ ಗೂಡುಗಳು ಪೆಟ್ಟಿಗೆಯ ಆಕಾರದವು. ಚಪಲ್ ಜಾತಿಯಲ್ಲಿ ಅವು ದುಂಡನೆಯ ಕೊಳವೆಗಳು, ಯಾಕೆಂದರೆ ಆಮೇಲಿನ ಕ್ಷಿಪಣಿಯ ರೆಕ್ಕೆ ಮಡಚಿಕೊಳ್ಳುತ್ತಿತ್ತು. ಆದ್ದರಿಂದ ಕೂಡುವ ಮೊದಲೇ ನಿರ್ಧಾರ ಮಾಡಬೇಕು, ಪೆಟ್ಟಿಗೆಯೋ ಕೊಳವೆಯೋ? ಕೊಳವೆ ಹಚ್ಚಿ 1971 ಎಂದು ಬರೆದರೆ ಮಾದರಿಯೇ ನಮ್ಮ ಚೀಟಿಗೆ ಸಾಕ್ಷಿ ಹೇಳುವುದಿಲ್ಲ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಅಂತ ಹಿರಿಯರು ಹೇಳಿದ್ದು ಇದನ್ನೇ. ಚಪಲ್ ಮಾಡುವುದಾದರೆ ದುಂಡು ಕೊಳವೆ ಹಚ್ಚಿ '1976–2005' ಎಂದು ಬರೆಯೋಣ. 1971ರ ವೀರ್ ಬೇಕಾದರೆ ಪೆಟ್ಟಿಗೆ ಹಚ್ಚೋಣ. ಎರಡೂ ಗೌರವದ ಹಡಗುಗಳೇ. ಇಲ್ಲದ ಶೌರ್ಯ ಅಂಟಿಸಿ ಚಪಲ್‌ಗೆ ದೊಡ್ಡಸ್ತನ ಕೊಡಬೇಕಾಗಿಲ್ಲ.

"ಅಷ್ಟು ಸಣ್ಣದಕ್ಕ ಯಾರ್ ನೋಡ್ತಾರಲೇ?" ಅನ್ನುವವರಿಗೆ ಎರಡು ಸಂಗತಿ ಹೇಳುತ್ತೇನೆ. ಅದೇ ಯುದ್ಧದಲ್ಲಿ, 1971ರ ಡಿಸೆಂಬರ್ 9ರಂದು, 'ಖುಕ್ರಿ' ಎಂಬ ನಮ್ಮ ಹಡಗು ಪಾಕಿಸ್ತಾನದ ಜಲಾಂತರ್ಗಾಮಿಯ ಏಟಿಗೆ ಮುಳುಗಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರೂ ಸೇರಿ 18 ಅಧಿಕಾರಿಗಳು, 176 ನಾವಿಕರು ಹೋದರು. ಆ ಹಡಗು ಸಮುದ್ರದ ತಳದಲ್ಲಿದೆ, ಯಾರೂ ನೋಡುವಂತಿಲ್ಲ. ದೀವ್‌ನ ಸ್ಮಾರಕದಲ್ಲಿ ಗಾಜಿನೊಳಗೆ ಅದರ ಮಾದರಿ ಇಟ್ಟಿದ್ದಾರೆ. ಅಲ್ಲಿಗೆ ಹೋದ ಮನೆಯವರಿಗೆ ಕಣ್ಣಿಗೆ ಕಾಣುವುದು ಆ ಮಾದರಿಯೇ. ಎರಡನೆಯದು, ನಮ್ಮ ಮೊದಲ ವಿಮಾನವಾಹಕ ನೌಕೆ ವಿಕ್ರಾಂತ್. 2014ರಲ್ಲಿ ಅದನ್ನು ಗುಜರಿಗೆ ಹಾಕಿ ಒಡೆದರು. ಅದರ ಉಕ್ಕಿನಲ್ಲಿ ಸ್ವಲ್ಪ 2016ರಲ್ಲಿ ಬಂದ ಬಜಾಜ್ 'ವಿ' ಮೋಟಾರ್ ಸೈಕಲ್ಲಿಗೆ ಸೇರಿತು. 2022ರಲ್ಲಿ ಅದೇ ಹೆಸರಿನ ಹೊಸ ನೌಕೆ ಬಂತು, ಆದರೆ ಹಳೆಯದು ಹೋಯಿತು. ಹಡಗು ಮುಳುಗುತ್ತದೆ, ಇಲ್ಲವೇ ಕರಗುತ್ತದೆ. ಆಮೇಲೆ ಅದರ ಪರವಾಗಿ ಮಾತಾಡಲು ಉಳಿಯುವುದು ಚಿತ್ರ, ಬರಹ ಮತ್ತು ಮಾದರಿ. ಮಾದರಿಯೇ ಸುಳ್ಳು ಹೇಳಿದರೆ ಸತ್ತವರ ಪರವಾಗಿ ಯಾರು ಮಾತಾಡಬೇಕು?

ಯುದ್ಧದ ವಸ್ತು ಯಾಕೆ, ಟ್ರ್ಯಾಕ್ಟರೋ ಡ್ಯಾಮೋ ಮಾಡಬಾರದೇ ಎಂದು ಒಬ್ಬ ಗುರುಗಳು ಕೇಳಿದರು. ಅವರ ಪ್ರಶ್ನೆ ನನಗೆ ಸರಿ ಎನಿಸಿತು. ಯುದ್ಧ ಚೆಂದ ಅಂತ ತೋರಿಸಲು ಮಾಡುವುದಾದರೆ ಬೇಡವೇ ಬೇಡ. ಆದರೆ ಅಳತೆಯಿಂದ ಮಾಡಿದ ಹಡಗಿನಲ್ಲಿ ನಾವಿಕರನ್ನೂ ಅಳತೆಯಿಂದ ನಿಲ್ಲಿಸಬೇಕಾಗುತ್ತದೆ. 38 ಸೆಂಟಿಮೀಟರಿನ ತಗಡಿನ ಮೇಲೆ, ನಾಲ್ಕು ಕ್ಷಿಪಣಿಗಳ ಪಕ್ಕದಲ್ಲಿ, ಬೆರಳುಗುರುಗಿನಷ್ಟು ಮೂವತ್ತು ಜನರನ್ನು ನಿಲ್ಲಿಸಿ ನೋಡಿರಿ. ಒಂದು ಏಟು ಬಿದ್ದರೆ ಏನಾಗುತ್ತದೆ ಎಂದು ಯಾರೂ ಹೇಳಬೇಕಾಗಿಲ್ಲ. ಆ ಕಡೆಯ ಹಡಗಿನಲ್ಲಿದ್ದವರೂ ಅಷ್ಟೇ ಎತ್ತರದ ಮನುಷ್ಯರು.

ಇನ್ನು ಮಾಡುವ ಬಗೆ. ಥರ್ಮಾಕೋಲ್ ಬೇಡ. ಅದೂ ಪಾಲಿಸ್ಟೈರೀನೇ, ಗಾಳಿ ತುಂಬಿ ಉಬ್ಬಿಸಿದ್ದು ಅಷ್ಟೇ. ಆದರೆ ಕತ್ತರಿಸಿದರೆ ಉದುರುತ್ತದೆ, ಮಿಲಿಮೀಟರಿನ ಅಳತೆ ನಿಲ್ಲುವುದಿಲ್ಲ. ಹೊಲದಲ್ಲಿ ಒಡೆದು ಬಿದ್ದ ಪಿ.ವಿ.ಸಿ. ಪೈಪಿನ ತುಂಡು ತಂದು ಉದ್ದಕ್ಕೆ ಸೀಳಿ, ಕುದಿಯುವ ನೀರಿನಲ್ಲಿ ಮೆತ್ತಗೆ ಮಾಡಿ, ಎರಡು ಹಲಗೆಯ ನಡುವೆ ಒತ್ತಿದರೆ ಹಾಳೆ ಆಗುತ್ತದೆ. ಬಿಸಿನೀರಿನ ಕೆಲಸ ಗುರುಗಳ ಎದುರಿನಲ್ಲೇ ಆಗಬೇಕು. ಬೆಂಕಿಗೆ ಮಾತ್ರ ಹಿಡಿಯಬಾರದು, ಆ ಹೊಗೆ ವಿಷ. ಪೈಪಿಗೆ ಹಚ್ಚುವ ಸೊಲ್ಯೂಷನ್ನೇ ಅಂಟು. ಅದು ಗೋಂದಿನ ಹಾಗೆ ಮೇಲೆ ಮೇಲೆ ಹಿಡಿಯುವುದಿಲ್ಲ, ಪ್ಲಾಸ್ಟಿಕ್ಕಿನ ಮೈಯನ್ನೇ ತುಸು ಕರಗಿಸಿ ಎರಡನ್ನೂ ಒಂದು ಮಾಡುತ್ತದೆ. ಹೊರದೇಶದ ಮಾದರಿಗಳ ಅಂಟೂ ಮಾಡುವುದು ಇದನ್ನೇ. ಕ್ಷಿಪಣಿಯ ಗೂಡಿಗೆ ಒಣಗಿದ ಸ್ಕೆಚ್ ಪೆನ್ನಿನ ಕೊಳವೆ, ತೋಪಿನ ನಳಿಕೆಗೆ ಬೆಂಕಿಪೊಟ್ಟಣದ ಕಡ್ಡಿಗಿಂತ ತೆಳುವಾದ ಪೊರಕೆ ಕಡ್ಡಿ. ಖರ್ಚು ಅಂದರೆ ಸೊಲ್ಯೂಷನ್ ಡಬ್ಬಿ ಮತ್ತು ಬೂದು ಬಣ್ಣ.

"ಹುಡುಗ್ಯಾರು ಮುಂದ ರಂಗೋಲಿ ಹಾಕ್ರಿ, ಹಡಗ ನಾವ್ ನೋಡ್ಕೋತೀವಿ" ಎಂಬ ಮಾತೂ ಬಂದಿದೆ. ಸ್ಕೇಲು ಹಿಡಿದ ಕೈ ಗಂಡೋ ಹೆಣ್ಣೋ ಎಂದು ಸೆಂಟಿಮೀಟರ್ ಕೇಳುವುದಿಲ್ಲ. ಚುಕ್ಕಿ ತಪ್ಪದೆ ರಂಗೋಲಿ ಹಾಕುವವರಿಗೆ ಅಳತೆ ಹೊಸದೂ ಅಲ್ಲ. ಕೆಲಸ ಹಂಚುವಾಗ ಚೀಟಿ ಎತ್ತೋಣ.

ಇದರಿಂದ ಮುಂದೆ ಏನು ಉಪಯೋಗ ಎಂದು ಕೇಳುವ ತಂದೆತಾಯಿಗಳಿಗೂ ಒಂದು ಮಾತು. ನಮ್ಮದೇ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು. ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ ಒತ್ತಿದರೆ ಸಾವಿರಾರು ಆಟಿಕೆ ಒಂದೇ ಸಮ ಬರುತ್ತವೆ. ಆದರೆ ಆ ಅಚ್ಚನ್ನು ಕೂದಲೆಳೆಯಷ್ಟೂ ತಪ್ಪದಂತೆ ಕೊರೆಯುವವರು ಬೇಕು. ಡಬ್ಬಿ ತುಂಬುವ ಕೂಲಿಗೆ ಹೋಗುವುದೋ, ಅಚ್ಚು ಕೊರೆಯುವ ಕಸಬಿಗೆ ಹೋಗುವುದೋ? ಆ ದಾರಿ ಇಂಥ ಸಣ್ಣ ಅಳತೆಗಳಿಂದಲೇ ಶುರು ಆಗುತ್ತದೆ.

ನಮ್ಮ ಮಾದರಿ ಅಂಗಡಿಯ ಹಡಗಿನಷ್ಟು ಮಿಂಚಲಿಕ್ಕಿಲ್ಲ. ಬಹುಮಾನ ಬೇರೆ ಶಾಲೆಗೆ ಹೋಗಬಹುದು. ಹೋಗಲಿ. ನೋಡಲು ಬಂದವರು "ಇದು ಯಾವ ಹಡಗು? ಎಷ್ಟು ಉದ್ದ? ಯಾವ ವರ್ಷದ್ದು?" ಎಂದು ಕೇಳಿದಾಗ ನಮ್ಮಲ್ಲಿ ಯಾರೇ ನಿಂತಿದ್ದರೂ ತಡವರಿಸದೆ ಹೇಳುವಂತಿರಬೇಕು. ಮೂರು ಪ್ರಶ್ನೆಗೆ ಮೂರು ಖರೇ ಉತ್ತರ, ಅಷ್ಟು ಇದ್ದರೆ ನಮ್ಮ ಕೆಲಸ ಗೆದ್ದಂತೆ.

ಇದು ನನ್ನ ಅಭಿಪ್ರಾಯ. ಒಪ್ಪದವರು ಸಿಟ್ಟಾಗದೆ, ಪಕ್ಕದಲ್ಲಿ ಅಂಟಿಸಿರುವ ಖಾಲಿ ಹಾಳೆಯಲ್ಲಿ ಕಾರಣ ಸಮೇತ ಬರೆಯಬೇಕಾಗಿ ವಿನಂತಿ. ಒಪ್ಪುವವರು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದೊಂದು ಪೈಪಿನ ತುಂಡು ತರಬೇಕು. ಸ್ಕೇಲು ನಾನು ತರುತ್ತೇನೆ.

— ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ, ಇರಕಲ್ಲಗಡ